ನಾಯಿಯನ್ನು ಹುಡುಗ ಕಚ್ಚುತ್ತಾನೆ

ಮೊದಲು ಬೋರ್ಡಿನ ಮೇಲೆ ಹಳೆಯ ರೋಮಿನ ಭಾಷೆಯಾದ ಲ್ಯಾಟಿನ್‌ನ ಒಂದು ವಾಕ್ಯ ಬರೆಯುತ್ತೇನೆ. ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ, ಹೆದರಬೇಡಿ. ಕನೆಮ್ ಪುಯೆರ್ ಮೊರ್ದೆತ್. ಮೂರೇ ಪದ. ಕನಿಸ್ ಅಂದರೆ ನಾಯಿ. ಪುಯೆರ್ ಅಂದರೆ ಹುಡುಗ. ಮೊರ್ದೆತ್ ಅಂದರೆ ಕಚ್ಚುತ್ತಾನೆ ಅಥವಾ ಕಚ್ಚುತ್ತದೆ. ಲ್ಯಾಟಿನ್ ಕ್ರಿಯಾಪದ ಆ ಭೇದ ಮಾಡುವುದಿಲ್ಲ. ಈಗ ಅರ್ಥ ಹೇಳಿ ನೋಡೋಣ.

'ನಾಯಿ ಹುಡುಗನನ್ನು ಕಚ್ಚುತ್ತದೆ' ಎಂದು ಮುಂದಿನ ಸಾಲಿನಿಂದ ಯಾರೋ ಹೇಳಿದಿರಿ. ಇಂಗ್ಲೆಂಡಿನ ನನ್ನ ತರಗತಿಯಲ್ಲೂ ಇದೇ ಉತ್ತರ ಬರುತ್ತದೆ, ಇಷ್ಟೇ ಬೇಗ ಬರುತ್ತದೆ. ತಪ್ಪು. ಇಲ್ಲಿ ಕಚ್ಚುವವನು ಹುಡುಗ. ನಾನು ಹೇಳಿಕೊಟ್ಟ ಪದ ಕನಿಸ್, ಬೋರ್ಡಿನ ಮೇಲಿರುವ ಪದ ಕನೆಮ್. ಕೊನೆಯಲ್ಲಿ ಒಂದು 'ಮ್' ಇದೆಯಲ್ಲ, ಅದು ನಮ್ಮ 'ಅನ್ನು'. ನಾಯಿಯನ್ನು ಹುಡುಗ ಕಚ್ಚುತ್ತಾನೆ.

ಹದಿಹರೆಯದ ಮಕ್ಕಳಿಗೆ ಲ್ಯಾಟಿನ್ ಕಲಿಸುವುದು ಅಂದರೆ ನನ್ನ ಪಾಲಿಗೆ ಬಹುಮಟ್ಟಿಗೆ ಇಷ್ಟೇ: ಆ 'ಮ್' ಕಡೆ ಕಣ್ಣು ಹೋಗುವಂತೆ ಮಾಡುವುದು. ಕೇಳಲು ಸುಲಭ. ಆದರೆ ಇಂಗ್ಲಿಷ್ ಮಾತಾಡುವ 11 ವರ್ಷದ ಮಗು ಹುಟ್ಟಿದಾಗಿನಿಂದ ಪದದ ಬಾಲ ನೋಡಿಯೇ ಇಲ್ಲ. ಇಂಗ್ಲಿಷಿನಲ್ಲಿ ಸಾಲಲ್ಲಿ ಯಾರು ಮೊದಲು ನಿಂತರೋ ಅವರೇ ಕರ್ತೃ. ಕ್ಯೂ ಇದ್ದ ಹಾಗೆ. ಅದರ ಮೇಲೆ ಸಾಮಾನ್ಯ ಜ್ಞಾನ ಬೇರೆ: ನಾಯಿ ತಾನೇ ಕಚ್ಚೋದು! ಎರಡೂ ಸೇರಿ ಆ ಪುಟ್ಟ 'ಮ್' ಕಾಣದ ಹಾಗೆ ಮಾಡಿಬಿಡುತ್ತವೆ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕನ್ನಡ, ಸಂಸ್ಕೃತ, ಹಿಂದಿ ಹೇಳಿಕೊಡುವವರು. ನಿಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. 'ಹುಡುಗ ನಾಯಿಯನ್ನು ಕಚ್ಚಿದ', 'ನಾಯಿಯನ್ನು ಹುಡುಗ ಕಚ್ಚಿದ'. ಹೇಗೆ ತಿರುಗಿಸಿದರೂ ಕಚ್ಚಿದವನು ಅವನೇ. ಒಂದು ತಮಾಷೆ ಗಮನಿಸಿದ್ದೀರಾ? ಮಾತಿನಲ್ಲಿ ನಾವು 'ಅನ್ನು' ಬಿಟ್ಟುಬಿಡುತ್ತೇವೆ. 'ಮನೆ ಕಟ್ಟಿದ', 'ಮರ ಕಡಿದ' ಅನ್ನುತ್ತೇವೆ. ಮನೆ ಯಾರನ್ನೂ ಕಟ್ಟುವುದಿಲ್ಲ, ಹಾಗಾಗಿ ಗೊಂದಲ ಇಲ್ಲ. ಆದರೆ 'ಹುಡುಗ ಹೊಡೆದ' ಅಂತ ಹೇಳಿ, ಹುಡುಗನಿಗೆ ಪೆಟ್ಟು ಬಿತ್ತು ಎಂದು ಯಾರಿಗೂ ಅನ್ನಿಸುವುದಿಲ್ಲ. ಅಲ್ಲಿ ಪ್ರತ್ಯಯ ಬೇಕೇ ಬೇಕು. ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಅಂತ ನಮಗೆ ಯಾರೂ ಕಲಿಸಲಿಲ್ಲ.

ನಾನು ಮಂಗಳೂರಿನ ಕಡೆಯವಳು. ಲ್ಯಾಟಿನ್ ನನ್ನ ಕಿವಿಗೆ ಮೊದಲು ಬಿದ್ದದ್ದು ಅಜ್ಜಿಯ ಬಾಯಿಂದ. 1960ರ ದಶಕದಲ್ಲಿ ಕ್ಯಾಥೊಲಿಕ್ ಧರ್ಮಗುರುಗಳ ಎರಡನೇ ವ್ಯಾಟಿಕನ್ ಸಭೆ ನಡೆಯುವವರೆಗೆ ಇಗರ್ಜಿಯ, ಅಂದರೆ ಚರ್ಚಿನ, ಪೂಜೆ ಲ್ಯಾಟಿನ್‌ನಲ್ಲೇ ಇತ್ತು. ಪೂಜೆ ಕೊಂಕಣಿಗೆ ಬಂದು ಎಷ್ಟೋ ವರ್ಷ ಆದಮೇಲೂ ಅಜ್ಜಿ ಮೀನು ಶುಚಿ ಮಾಡುತ್ತಾ 'ತಾಂತುಮ್ ಎರ್ಗೊ' ಎಂಬ ಲ್ಯಾಟಿನ್ ಭಕ್ತಿಗೀತೆ ಹಾಡುತ್ತಿದ್ದರು. ಒಂದು ಪದದ ಅರ್ಥವೂ ಗೊತ್ತಿರಲಿಲ್ಲ. ಆ ಹಾಡಿನಲ್ಲಿ ಬರುವ 'ಚೆರ್ನುಯಿ' ಎಂಬ ಪದಕ್ಕೆ ತಲೆಬಾಗಿ ಎಂಬ ಅರ್ಥ ಎಂದು ನನಗೆ ತಿಳಿದಾಗ ಅಜ್ಜಿ ತೀರಿಕೊಂಡಿದ್ದರು. ಇಂಗ್ಲೆಂಡಿನ ಶಾಲೆಯಲ್ಲಿ ಅದೇ ಪದವನ್ನು 'ಕೆರ್ನುಯಿ' ಎಂದು ಓದಬೇಕು. ಪ್ರಾಚೀನ ರೋಮಿನ ಉಚ್ಚಾರ ಹಾಗಿತ್ತು ಅನ್ನುತ್ತಾರೆ. ರೋಮಿನ ವಾಗ್ಮಿ ಸಿಸೆರೊ ಅಲ್ಲ, ಕಿಕೆರೊ. ಸೀಸರ್ ಅಲ್ಲ, ಕೈಸರ್. ನನ್ನ ನಾಲಿಗೆ ಈಗಲೂ ಆಗಾಗ ಇಗರ್ಜಿಗೆ ಓಡಿಹೋಗುತ್ತದೆ, ಮಕ್ಕಳು ತಿದ್ದುತ್ತಾರೆ.

ಇಂಗ್ಲೆಂಡಿನಲ್ಲಿ ಲ್ಯಾಟಿನ್ ಕಥೆ ಏನು ಅಂತ ಸ್ವಲ್ಪ ಹೇಳಬೇಕು. 1960ರವರೆಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಬೇಕು ಅಂದರೆ ಲ್ಯಾಟಿನ್ ಪಾಸಾಗಿರಬೇಕಿತ್ತು, ನೀವು ರಸಾಯನಶಾಸ್ತ್ರ ಓದುವವರಾದರೂ ಸರಿ. ಆ ನಿಯಮ ಹೋಯಿತು. ಲ್ಯಾಟಿನ್ ಮೇಷ್ಟ್ರುಗಳ ಎದೆ ಧಸಕ್ಕೆಂದಿತು. ಕಡ್ಡಾಯ ಅಲ್ಲದ ವಿಷಯಕ್ಕೆ ಮಕ್ಕಳು ಯಾಕೆ ಬರುತ್ತಾರೆ? ಈಚಿನ ವರ್ಷಗಳ ಸ್ಥಿತಿ ಕೇಳಿ. 2021ರಲ್ಲಿ ಅಲ್ಲಿನ ಸರ್ಕಾರವೇ ಮುಂದಿಟ್ಟ ಅಂಕಿ ಪ್ರಕಾರ 11ರಿಂದ 14 ವರ್ಷದ ಮಕ್ಕಳಿಗೆ ಲ್ಯಾಟಿನ್ ಕಲಿಸುವ ಸರ್ಕಾರಿ ಶಾಲೆಗಳು ನೂರಕ್ಕೆ 3 ಕೂಡ ಇರಲಿಲ್ಲ, ಬರೀ 2.7. ಫೀಸು ಕಟ್ಟಿ ಓದುವ ಖಾಸಗಿ ಶಾಲೆಗಳಲ್ಲಿ 49. ಅಂದರೆ ಲ್ಯಾಟಿನ್ ಬರುತ್ತದೆ ಅಂದರೆ ಅಪ್ಪನ ಹತ್ತಿರ ದುಡ್ಡಿದೆ ಅಂತ ಅರ್ಥ. ನಾನು ಕಲಿಸಿದ್ದು ಆ 2.7ರೊಳಗಿನ ಒಂದು ಶಾಲೆಯಲ್ಲಿ.

ಹಿಂದೆ ಕಲಿಸುತ್ತಿದ್ದ ಕ್ರಮ ನಿಮಗೆ ಊಹೆಗೆ ಬರುತ್ತದೆ. 'ರಾಮಃ ರಾಮೌ ರಾಮಾಃ' ತರಹವೇ. ಅಮೊ, ಅಮಾಸ್, ಅಮತ್: ಪ್ರೀತಿಸುತ್ತೇನೆ, ಪ್ರೀತಿಸುತ್ತೀಯ, ಪ್ರೀತಿಸುತ್ತಾನೆ. ಮೆನ್ಸಾ, ಮೆನ್ಸಾ, ಮೆನ್ಸಮ್. ಮೆನ್ಸಾ ಅಂದರೆ ಮೇಜು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚರ್ಚಿಲ್ ಏಳು ವರ್ಷದ ಹುಡುಗನಾಗಿದ್ದಾಗ ಇದನ್ನು ಬಾಯಿಪಾಠ ಮಾಡಿಸಿದರಂತೆ. ಎರಡನೇ ಮೆನ್ಸಾಕ್ಕೆ 'ಓ ಮೇಜೇ' ಎಂದು ಅರ್ಥ ಕೊಟ್ಟಿತ್ತು, ಅದು ಸಂಬೋಧನೆ. ಹುಡುಗ ಕೇಳಿದ, ಇದರ ಉಪಯೋಗ ಏನು? ಮೇಜಿನ ಜೊತೆ ಮಾತಾಡುವಾಗ ಬೇಕಾಗುತ್ತದೆ ಅಂದರು ಮೇಷ್ಟ್ರು. ನಾನು ಮೇಜಿನ ಜೊತೆ ಮಾತಾಡುವುದೇ ಇಲ್ಲವಲ್ಲ ಅಂದ ಹುಡುಗ. ಹೆಚ್ಚು ಮಾತಾಡಿದರೆ ಶಿಕ್ಷೆ ಆಗುತ್ತದೆ ಎಂದು ಉತ್ತರ ಬಂತು.

ಕಡ್ಡಾಯ ಹೋದಮೇಲೆ ಈ ಆಟ ನಡೆಯುವ ಹಾಗಿರಲಿಲ್ಲ. 1966ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲವರು ಸೇರಿ ಹೊಸ ಪಠ್ಯ ಶುರುಮಾಡಿದರು, 1970ರಲ್ಲಿ ಅಚ್ಚಾಗಿ ಬಂತು. ಹೆಸರು ಕೇಂಬ್ರಿಜ್ ಲ್ಯಾಟಿನ್ ಕೋರ್ಸ್. ಅಲ್ಲಿ ಮೊದಲ ದಿನ ಕೋಷ್ಟಕ ಇಲ್ಲ, ನಿಯಮ ಇಲ್ಲ. ಒಂದು ಚಿತ್ರ, ಕೆಳಗೆ ಒಂದು ವಾಕ್ಯ. 'ಕೈಕಿಲಿಯುಸ್ ಎಸ್ತ್ ಇನ್ ಹೊರ್ತೊ.' ಕೈಕಿಲಿಯುಸ್ ತೋಟದಲ್ಲಿದ್ದಾನೆ. ಇಟಲಿಯ ಹಳೆಯ ರೋಮನ್ ಊರು ಪೊಂಪೇಯ ಒಬ್ಬ ಸಾಹುಕಾರ. ಹೆಂಡತಿ ಮೆತೆಲ್ಲಾ, ಮಗ ಕ್ವಿಂತುಸ್, ಅಡುಗೆಯ ಗುಲಾಮ ಗ್ರುಮಿಯೊ, ನಾಯಿ ಕೆರ್ಬೆರುಸ್. ಪಾಠ ಪಾಠಕ್ಕೂ ಅವರ ಮನೆಯ ಕಥೆ ಮುಂದುವರಿಯುತ್ತದೆ. ಔತಣ ಆಗುತ್ತದೆ, ನವಿಲಿನ ಮಾಂಸ ಬಡಿಸುತ್ತಾರೆ. ನೀವು ಮುಖ ಕಿವುಚಬೇಡಿ, ರೋಮಿನ ಶ್ರೀಮಂತರು ನವಿಲು ತಿನ್ನುತ್ತಿದ್ದದ್ದು ನಿಜ.

ಮೊದಲ ಪುಸ್ತಕದ ಕೊನೆಗೆ ವೆಸೂವಿಯಸ್ ಬೆಂಕಿಬೆಟ್ಟ ಸಿಡಿಯುತ್ತದೆ. ಕ್ರಿ.ಶ. 79. ಕೈಕಿಲಿಯುಸ್ ಸಾಯುತ್ತಾನೆ. ನಾಯಿ ಓಡಿಹೋಗುವುದಿಲ್ಲ, ಯಜಮಾನನ ಪಕ್ಕದಲ್ಲೇ ಕಾಯುತ್ತಾ ಉಳಿಯುತ್ತದೆ. ಈ ಪಾಠದ ದಿನ ತರಗತಿ ಹೇಗಿರುತ್ತದೆ ಗೊತ್ತಾ? ಹಿಂದಿನ ಬೆಂಚಿನ ಪೋಕರಿಗಳು ಕೂಡ ಉಸಿರು ಬಿಡುವುದಿಲ್ಲ. ಕೈಕಿಲಿಯುಸ್ ಸತ್ತದ್ದಕ್ಕೆ ಅಷ್ಟಿಲ್ಲ. ನಾಯಿಗೆ ಅಳುತ್ತಾರೆ.

ಇನ್ನೊಂದು ವಿಷಯ. ಕೈಕಿಲಿಯುಸ್ ನಿಜವಾಗಿ ಇದ್ದ ಮನುಷ್ಯ. 1875ರಲ್ಲಿ ಪೊಂಪೇಯಲ್ಲಿ ಅವನ ಮನೆ ಅಗೆದಾಗ 150ಕ್ಕೂ ಹೆಚ್ಚು ಮೇಣದ ಹಲಗೆಗಳು ಸಿಕ್ಕವು. ಸಾಲ, ಹರಾಜು, ರಸೀದಿ, ಸಾಕ್ಷಿ ಸಹಿ, ಎಲ್ಲ ಇದೆ. ಮನೆಯಲ್ಲಿ ಸಿಕ್ಕ ಒಂದು ಕಂಚಿನ ತಲೆಯ ಕೆನ್ನೆಯ ಮೇಲೆ ಒಂದು ನರುಳ್ಳೆ ಕೂಡ ಇದೆ. ಅದು ಅವನದೋ ಅವನ ಮನೆತನದ ಇನ್ನೊಬ್ಬರದೋ ಎಂಬ ಚರ್ಚೆ ಇದೆ. ಮಕ್ಕಳಿಗೆ ಆ ಚರ್ಚೆ ಬೇಡ, ನರುಳ್ಳೆ ಸಾಕು. ಲೆಕ್ಕದ ಹಲಗೆಗಳು ಕ್ರಿ.ಶ. 62ಕ್ಕೆ ನಿಂತುಹೋಗುತ್ತವೆ. ಆ ಕಾಲಕ್ಕೇ ಪೊಂಪೇಯಲ್ಲಿ ದೊಡ್ಡ ಭೂಕಂಪ ಆಗಿತ್ತು. ಬೆಂಕಿಬೆಟ್ಟದವರೆಗೆ ಅವನು ಬದುಕಿರಲೇ ಇಲ್ಲವೇನೋ. ಇದನ್ನು ನಾನು ಮಕ್ಕಳಿಗೆ ಕಥೆ ಮುಗಿದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ರುಚಿ ಕೆಡುತ್ತದೆ.

ಇಷ್ಟು ಒಳ್ಳೆಯ ಪುಸ್ತಕ ಇದ್ದರೆ ಮೇಷ್ಟ್ರಿಗೆ ಏನು ಕೆಲಸ ಅಂತ ಕೇಳಬಹುದು. ಕೆಲಸ ಇರುವುದೇ ಅಲ್ಲಿ. ಕಥೆ ಚೆನ್ನಾಗಿದ್ದಷ್ಟೂ ಮಕ್ಕಳು ಊಹೆ ಮಾಡುತ್ತಾರೆ! ಚಿತ್ರ ಇದೆ, ಯಾರು ಎಂಥವರು ಅಂತ ಗೊತ್ತಿದೆ, ಮುಂದೇನಾಗುತ್ತದೆ ಅಂತ ಅಂದಾಜಿದೆ. ನಾಲ್ಕು ಪದ ಹೆಕ್ಕಿಕೊಂಡು ಸರಾಗವಾಗಿ ಅರ್ಥ ಹೇಳುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಮೊದಲ ವರ್ಷ ನನಗೆ ಬಹಳ ಖುಷಿಯಾಗಿತ್ತು, ಎಷ್ಟು ಬೇಗ ಕಲಿತರು ಅಂತ. ಎರಡನೇ ವರ್ಷ ವಾಕ್ಯಗಳು ಉದ್ದವಾದವು, ಚಿತ್ರಗಳು ಕಡಿಮೆಯಾದವು, ಎಲ್ಲ ಕುಸಿಯಿತು. ಅವರು ಲ್ಯಾಟಿನ್ ಓದುತ್ತಿರಲೇ ಇಲ್ಲ. ಲ್ಯಾಟಿನ್ ಪಕ್ಕದಲ್ಲಿ ಕೂತು ಕಥೆ ಕಟ್ಟುತ್ತಿದ್ದರು. ಅದು ಅವರ ತಪ್ಪಲ್ಲ, ನಾನು ಪರೀಕ್ಷಿಸಿ ನೋಡಿರಲಿಲ್ಲ.

ಆಮೇಲೆ ಶುರುವಾಯಿತು ನಾಯಿ ಕಚ್ಚಿಸುವ ಕೆಲಸ. ಊಹೆ ಮಾಡಿದರೆ ತಪ್ಪಾಗುವಂಥ ವಾಕ್ಯಗಳನ್ನೇ ಬರೆದು ಕೊಡುವುದು. ಇಲಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತದೆ. ಗುಲಾಮ ಯಜಮಾನನನ್ನು ಮಾರುತ್ತಾನೆ. ಉತ್ತರ ಹೇಳುವ ಮೊದಲು ಬಾಲಕ್ಕೆ ಬಣ್ಣ ಹಚ್ಚಬೇಕು. ಬಣ್ಣ ಹಚ್ಚದವರ ಉತ್ತರ ಸರಿಯಿದ್ದರೂ ಒಪ್ಪುವುದಿಲ್ಲ. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಮೊದಲು ಹೇಳಿದ ವಾಕ್ಯಕ್ಕೆ ನನ್ನ ತರಗತಿಯಲ್ಲಿ ಸರಿಯುತ್ತರ ಕೊಟ್ಟವರೂ ಇದ್ದರು, ಇಬ್ಬರು. ಅದನ್ನು ನಿಮಗೆ ಹೇಳಲೇಬೇಕು. ಒಬ್ಬಳು ಪೋಲೆಂಡಿನಿಂದ ಬಂದ ಹುಡುಗಿ. ಇಂಗ್ಲಿಷ್ ಇನ್ನೂ ತಡವರಿಸುತ್ತಿತ್ತು. ಸ್ಟಾಫ್ ರೂಮಿನಲ್ಲಿ ಅವಳನ್ನು ದಡ್ಡಿ ಅಂತಲೇ ಲೆಕ್ಕ ಹಾಕಿದ್ದರು. ಇನ್ನೊಬ್ಬ ತಮಿಳು ಮನೆಯ ಹುಡುಗ. ಪೋಲಿಷ್ ಭಾಷೆಯಲ್ಲೂ ನಾಮಪದಕ್ಕೆ ವಿಭಕ್ತಿ ಇದೆ, ತಮಿಳಿನಲ್ಲಂತೂ ಇದ್ದೇ ಇದೆ. ಇಬ್ಬರಿಗೂ ಮನೆಯಲ್ಲಿ ಊಟದ ಹೊತ್ತಿಗೆ ಬಾಲ ನೋಡಿ ಅಭ್ಯಾಸ. ಇಂಗ್ಲಿಷ್ ತರಗತಿಯಲ್ಲಿ ಯಾವ ಮನೆಮಾತು ಅಡ್ಡಿ ಅನ್ನಿಸಿಕೊಂಡಿತ್ತೋ, ಲ್ಯಾಟಿನ್ ತರಗತಿಯಲ್ಲಿ ಅದೇ ಬಂಡವಾಳ ಆಯಿತು. ಆ ಹುಡುಗಿಯ ಪಕ್ಕದಲ್ಲಿ ಕೂರಲು ಮಕ್ಕಳು ಜಗಳ ಆಡತೊಡಗಿದರು, ನಕಲು ಹೊಡೆಯಲಿಕ್ಕೆ.

ನನಗೂ ಹಾಗೇ ಆಯಿತು. ಲ್ಯಾಟಿನ್ ವ್ಯಾಕರಣ ಇಂಗ್ಲಿಷ್ ಪುಸ್ತಕದಿಂದ ಓದುವಾಗ ತಲೆ ಕೆಟ್ಟುಹೋಗುತ್ತಿತ್ತು. ಒಂದು ದಿನ ಕನ್ನಡದಲ್ಲಿ ಅರ್ಥ ಬರೆದುಕೊಂಡೆ. 'ಮಿಹಿ ಎಸ್ತ್ ಫ್ರಾತೆರ್.' ಇಂಗ್ಲಿಷಿನವರು ಇದಕ್ಕೆ ಒಂದು ಪುಟ ವಿವರಣೆ ಕೊಡುತ್ತಾರೆ. ನಮಗೆ? ನನಗೆ ತಮ್ಮ ಇದ್ದಾನೆ. ಮುಗಿಯಿತು. ಮಿಹಿ ಅಂದರೆ ನನಗೆ, ಚತುರ್ಥಿ. ಅಣ್ಣನೋ ತಮ್ಮನೋ ಅಂತ ಮಾತ್ರ ಲ್ಯಾಟಿನ್ ಹೇಳುವುದಿಲ್ಲ, ಅಷ್ಟು ಮಟ್ಟಿಗೆ ಅದು ಬಡಭಾಷೆ. ಪ್ರಶ್ನೆ ಕೇಳುವುದು ನೋಡಿ. 'ಲಾತ್ರತ್' ಅಂದರೆ ಬೊಗಳುತ್ತದೆ. 'ಲಾತ್ರತ್‌ನೆ?' ಅಂದರೆ ಬೊಗಳುತ್ತದಾ? ನಾವು ಕೊನೆಗೆ ಒಂದು 'ಆ' ಅಂಟಿಸುತ್ತೇವೆ, ಅವರು ಒಂದು 'ನೆ' ಅಂಟಿಸುತ್ತಾರೆ. ಕರ್ತೃ ಹೇಳದೆ ಬರೀ ಕ್ರಿಯಾಪದ ಹೇಳಿ ಬಿಡುವುದೂ ಹಾಗೇ. 'ಬರ್ತೀನಿ' ಅಂದರೆ ಸಾಕು, 'ನಾನು' ಬೇಕಿಲ್ಲ.

ವಿಭಕ್ತಿಯಲ್ಲಿ ಒಂದು ಸ್ವಾರಸ್ಯ ಇದೆ. ಲ್ಯಾಟಿನ್‌ನಲ್ಲಿ ಆಬ್ಲಾತಿವ್ ಎಂಬ ಒಂದು ವಿಭಕ್ತಿ. ಕತ್ತಿಯಿಂದ ಹೊಡೆದ ಅನ್ನಲಿಕ್ಕೂ ಅದೇ, ಊರಿನಿಂದ ಹೊರಟ ಅನ್ನಲಿಕ್ಕೂ ಅದೇ, ತೋಟದಲ್ಲಿದ್ದಾನೆ ಅನ್ನಲಿಕ್ಕೂ ಅದೇ. ನಮ್ಮ ತೃತೀಯಾ, ಪಂಚಮೀ, ಸಪ್ತಮೀ ಮೂರೂ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದ ಹಾಗೆ. ಹಿಂದೆ ಬೇರೆ ಬೇರೆ ಇದ್ದವು, ಬರಬರುತ್ತಾ ಒಂದಾದವು. ಇಂಗ್ಲಿಷ್ ಮಕ್ಕಳಿಗೆ ಇದು ದೊಡ್ಡ ಕಾಟ. ನಾವು ನಗಬೇಕಾಗಿಲ್ಲ. ಪಂಚಮಿಗೆ 'ದೆಸೆಯಿಂದ' ಅಂತ ನಾವು ಎಷ್ಟು ತಲೆಮಾರಿನ ಮಕ್ಕಳಿಗೆ ಉರು ಹೊಡೆಸಿದ್ದೇವೆ? ಮರದ ದೆಸೆಯಿಂದ ಹಣ್ಣು ಬಿತ್ತು ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದುಂಟಾ? ನಮ್ಮಲ್ಲೂ ತೃತೀಯಾ, ಪಂಚಮೀ ಎರಡೂ 'ಇಂದ'ದಲ್ಲೇ ಸಂಸಾರ ಮಾಡುತ್ತಿವೆ. ಪುಸ್ತಕ ಮಾತ್ರ ಒಪ್ಪಿಕೊಂಡಿಲ್ಲ.

ಕನ್ನಡ ಕೈಕೊಟ್ಟದ್ದೂ ಉಂಟು. ಲಿಂಗ. ಮೇಜು ಲ್ಯಾಟಿನ್‌ನಲ್ಲಿ ಸ್ತ್ರೀಲಿಂಗ, ತೋಟ ಪುಲ್ಲಿಂಗ. ನಮಗೆ ಅರ್ಥ ನೋಡಿ ಲಿಂಗ ಹೇಳಿ ಅಭ್ಯಾಸ. ಹಿಂದಿ ಕಲಿಯುವಾಗ ರೈಲು ಬರುತ್ತಾಳೋ ಬರುತ್ತಾನೋ ಅಂತ ಒದ್ದಾಡಿದೆವಲ್ಲ, ಅದೇ ಕಥೆ. ಅದರ ಮೇಲೆ 'ಒಳ್ಳೆಯ' ಅನ್ನುವ ಪದಕ್ಕೂ ಲಿಂಗ, ವಚನ, ವಿಭಕ್ತಿ ಎಲ್ಲ ಹಚ್ಚಬೇಕು. ಇಲ್ಲಿ ನಾನು ಮತ್ತು ಇಂಗ್ಲಿಷ್ ಮಕ್ಕಳು ಒಂದೇ ದೋಣಿ.

ಕ್ರಿಯಾಪದ ಕೊನೆಗೆ ಬರುವುದರ ಬಗ್ಗೆ ಒಂದು ಮಾತು. ಲ್ಯಾಟಿನ್ ಗದ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. ಅಲ್ಲಿನ ಎಷ್ಟೋ ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡುವುದು ಹೀಗೆ: ಮೊದಲು ವಾಕ್ಯದ ಕೊನೆಗೆ ಹೋಗು, ಕ್ರಿಯಾಪದ ಹಿಡಿ, ಆಮೇಲೆ ಹಿಂದೆ ಬಂದು ಕರ್ತೃ ಹುಡುಕು, ಆಮೇಲೆ ಕರ್ಮ. ಪೊಲೀಸರು ಪಂಚನಾಮೆ ಮಾಡಿದ ಹಾಗೆ. ನನಗೆ ಇದು ಕಂಡರಾಗುವುದಿಲ್ಲ. ರೋಮಿನ ಜನ ಒಬ್ಬರ ಮಾತು ಕೇಳುವಾಗ ಕೊನೆಯಿಂದ ಹಿಂದಕ್ಕೆ ಕೇಳುತ್ತಿದ್ದರಾ? ವಿಲಿಯಂ ಹೇಲ್ ಎಂಬ ಅಮೆರಿಕದ ಪ್ರಾಧ್ಯಾಪಕರು 1887ರಲ್ಲೇ ಇದನ್ನು ಬಿಡಿಸಿ ಬರೆದರು: ಎಡದಿಂದ ಬಲಕ್ಕೆ ಓದಿ, ಬಾಲ ನೋಡುತ್ತಾ ಹೋಗಿ, ಕ್ರಿಯಾಪದ ಬರುವವರೆಗೆ ಕಾಯಿರಿ. ನಾವು ದಿನಾ ಮಾಡುವುದೇ ಅದು. 'ನಿನ್ನೆ ಪೇಟೆಯಲ್ಲಿ ನಿಮ್ಮ ಅಣ್ಣನಿಗೆ ಆ ದುಡ್ಡನ್ನು...' ಅಂತ ನಾನು ನಿಲ್ಲಿಸಿದರೆ ನೀವು ಕಾಯುತ್ತೀರಿ. ಕೊಟ್ಟೆನೋ, ಕೊಡಲಿಲ್ಲವೋ. 13 ವರ್ಷದ ಇಂಗ್ಲಿಷ್ ಹುಡುಗನಿಗೆ ಆ ಕಾಯುವಿಕೆ ಹೊಸದು. ಹಾಗಾಗಿ ವಾಕ್ಯವನ್ನು ಒಂದೊಂದೇ ಪದವಾಗಿ ಪರದೆ ಮೇಲೆ ತೋರಿಸುತ್ತೇನೆ. 'ಮ್' ಇರುವ ಪದ ಬಂತು. ಈ ಮನುಷ್ಯನಿಗೆ ಏನೋ ಆಗಲಿದೆ. ಏನು? ಯಾರಿಂದ? ತಡಿ, ಬರುತ್ತೆ.

ಗುಲಾಮಗಿರಿಯ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ಕೇಂಬ್ರಿಜ್ ಪಠ್ಯದ ಹಳೆಯ ಆವೃತ್ತಿಗಳಲ್ಲಿ ಕೈಕಿಲಿಯುಸ್ ಮನೆಯ ಗುಲಾಮರು ಒಂಥರಾ ತಮಾಷೆಯ ಪಾತ್ರಗಳು. ಒಮ್ಮೆ ಒಬ್ಬ ಹುಡುಗಿ, ಅವಳ ಅಜ್ಜ ಅಜ್ಜಿ ಜಮೈಕಾದವರು, ಕೈ ಎತ್ತಿ ಕೇಳಿದಳು: 'ಮಿಸ್, ಗ್ರುಮಿಯೊ ಯಾಕೆ ಇಷ್ಟು ಖುಷಿಯಾಗಿದ್ದಾನೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಪಠ್ಯದ ಸಂಪಾದಕರಿಗೂ ಇಂಥ ಪ್ರಶ್ನೆಗಳು ತಲುಪಿರಬೇಕು. 2022ರ ಹೊಸ ಆವೃತ್ತಿಯಲ್ಲಿ ಈ ಭಾಗ ತಿದ್ದಿದ್ದಾರೆ, ಗುಲಾಮರ ಬದುಕಿನ ಕಷ್ಟ ಕಾಣುತ್ತದೆ. ಕೈಕಿಲಿಯುಸ್‌ಗೆ ಲೂಕಿಯಾ ಎಂಬ ಮಗಳೂ ಬಂದಿದ್ದಾಳೆ. ಅಲ್ಲಿಯವರೆಗೆ 50 ವರ್ಷ ಆ ಮನೆಯಲ್ಲಿ ಮಗ ಒಬ್ಬನೇ ಇದ್ದ.

ಇನ್ನು ಪರೀಕ್ಷೆ. 16ನೇ ವಯಸ್ಸಿಗೆ ಬರುವ ಪರೀಕ್ಷೆಯಲ್ಲಿ ನಿಜವಾದ ರೋಮನ್ ಲೇಖಕರ ಸಾಲುಗಳನ್ನು ಓದಿರಬೇಕು. ಎಷ್ಟೋ ಮಕ್ಕಳು ಏನು ಮಾಡುತ್ತಾರೆ? ಇಂಗ್ಲಿಷ್ ಅನುವಾದವನ್ನು ಪೂರ್ತಿ ಉರು ಹೊಡೆದು ಬರುತ್ತಾರೆ. ಎಲ್ಲರಿಗೂ ಗೊತ್ತಿರುವ ಗುಟ್ಟು. ಗೈಡು ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ.

ಹಾಗಾಗಿ ನನಗೆ ಪ್ರೀತಿ ಇರುವುದು ಸಿಲೆಬಸ್ಸಿನ ಹೊರಗಿನ ಲ್ಯಾಟಿನ್ ಮೇಲೆ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರ ವಿಂಡೊಲಾಂಡಾ ಅಂತ ಒಂದು ರೋಮನ್ ಕೋಟೆ. 1973ರಿಂದ ಅಲ್ಲಿ ತೆಳ್ಳನೆಯ ಮರದ ಚಕ್ಕೆಗಳು ಸಿಗುತ್ತಿವೆ, ಮಸಿಯಲ್ಲಿ ಬರೆದದ್ದು, ಸುಮಾರು 1,900 ವರ್ಷ ಹಳೆಯವು. ಒಂದರಲ್ಲಿ ಕ್ಲೌದಿಯಾ ಸೆವೆರಾ ಎಂಬಾಕೆ ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಕೊನೆಯ ಸಾಲುಗಳು ಅವಳದೇ ಕೈಬರಹ. ಇನ್ನೊಂದರಲ್ಲಿ ಯಾರಿಗೋ ಕಾಲುಚೀಲ ಮತ್ತು ಎರಡು ಚಡ್ಡಿ ಕಳಿಸಿದ ಲೆಕ್ಕ. ಚಡ್ಡಿ ಅನ್ನುವ ಪದ ಒಮ್ಮೆ ಬಂದರೆ ಸಾಕು, ಒಂದು ತಿಂಗಳು ತರಗತಿ ನನ್ನದು. ಮತ್ತೊಂದರಲ್ಲಿ ಸ್ಥಳೀಯ ಬ್ರಿಟನ್ ಜನರನ್ನು 'ಬ್ರಿತ್ತುಂಕುಲಿ' ಎಂದು ಕರೆದಿದ್ದಾರೆ. ಪುಟಗೋಸಿ ಬ್ರಿಟನ್ನರು ಅಂದ ಹಾಗೆ. ಇದನ್ನು ಇಂಗ್ಲಿಷ್ ಮಕ್ಕಳಿಗೆ ಓದಿಸುವಾಗ ನನಗೆ ಸಿಗುವ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ರೋಮನ್ ಕಾಲದ ಸುಮಾರು 130 ಸೀಸದ ತಗಡುಗಳು ಸಿಕ್ಕಿವೆ. ಎಲ್ಲ ಶಾಪಗಳು. ಸ್ನಾನಕ್ಕೆ ಹೋದಾಗ ಬಟ್ಟೆ ಕದ್ದವರ ಮೇಲೆ ಸೂಲಿಸ್ ಎಂಬ ದೇವಿಗೆ ದೂರು. ದೊಕಿಮೆದಿಸ್ ಎಂಬಾತ ಎರಡು ಕೈಗವಸು ಕಳೆದುಕೊಂಡ. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬರೆದಿದ್ದಾನೆ. ಎರಡು ಕೈಗವಸಿಗೆ! ನಮ್ಮ ಕರಾವಳಿಯಲ್ಲಿ ದೈವದ ಮುಂದೆ ನಿಂತು 'ಕದ್ದವನನ್ನು ನೀನೇ ನೋಡಿಕೋ' ಅನ್ನುವುದನ್ನು ಕೇಳಿ ಬೆಳೆದ ನನಗೆ ಇದು ಪಕ್ಕದ ಮನೆಯ ಮಾತಿನ ಹಾಗೆ ಕೇಳಿಸಿತು. ಮಕ್ಕಳಿಗೆ ಹೋಂವರ್ಕ್: ನಿಮ್ಮ ಪೆನ್ನು ಕದ್ದವರಿಗೆ ಲ್ಯಾಟಿನ್‌ನಲ್ಲಿ ಒಂದು ಶಾಪ ಬರೆಯಿರಿ. ಬಾಲ ತಪ್ಪಿದರೆ ಶಾಪ ನಿಮಗೇ ತಟ್ಟುತ್ತದೆ. ಆ ವಾರದಷ್ಟು ಎಚ್ಚರದಿಂದ ಅವರು ಯಾವತ್ತೂ ವ್ಯಾಕರಣ ನೋಡಿಲ್ಲ.

ಸರ್ಕಾರದ ವಿಷಯ ಚುಟುಕಾಗಿ. 2021ರಲ್ಲಿ ಸರ್ಕಾರಿ ಶಾಲೆಗಳಿಗೆ ಲ್ಯಾಟಿನ್ ತರುತ್ತೇವೆ ಅಂತ 40 ಲಕ್ಷ ಪೌಂಡಿನ ಯೋಜನೆ ಘೋಷಿಸಿದರು, ಸುಮಾರು 40 ಶಾಲೆಗಳಿಗೆ. 2022ರಲ್ಲಿ ಪಾಠ ಶುರುವಾಯಿತು. ಸರ್ಕಾರ ಬದಲಾಯಿತು. 2025ರ ಫೆಬ್ರವರಿಗೆ ದುಡ್ಡು ನಿಂತಿತು, ಶಾಲಾ ವರ್ಷದ ನಡುಮಧ್ಯೆ. ಪರೀಕ್ಷೆಗೆ ಕೂರಬೇಕಿದ್ದ ಮಕ್ಕಳೂ ಅದರಲ್ಲಿದ್ದರು. ಉಳಿತಾಯ ಮಾಡಲೇಬೇಕಿದ್ದರೆ ಜೂನ್‌ವರೆಗೆ ಕಾಯಬಹುದಿತ್ತು.

ಇದರಿಂದ ಏನು ಉಪಯೋಗ ಅಂತ ಚೀಟಿ ಬಂದಿದೆ. ಇಂಗ್ಲಿಷ್ ಶಬ್ದಸಂಪತ್ತು ಬೆಳೆಯುತ್ತದೆ, ಡಾಕ್ಟರಾಗಲು ಸಹಾಯ ಆಗುತ್ತದೆ ಅಂತೆಲ್ಲ ಅಲ್ಲಿ ಪೋಷಕರ ಸಭೆಯಲ್ಲಿ ಹೇಳುತ್ತೇವೆ. ನಾನೂ ಹೇಳಿದ್ದೇನೆ, ಮಕ್ಕಳು ಬೇಕಲ್ಲ! ಮಕ್ಕಳಂತೂ ಅದಕ್ಕಾಗಿ ಬಂದವರಲ್ಲ. ನಾಯಿ ಏನಾಯಿತು ಅಂತ ತಿಳಿಯಲು ಬಂದವರು. ಹಾಗಾಗಿ ಆ ಚೀಟಿಗೆ ನನ್ನ ಉತ್ತರ ಇಷ್ಟೇ, ಬೋರ್ಡಿನ ಮೇಲೆ ಇನ್ನೊಂದು ವಾಕ್ಯ. ಕೊಕ್ವುಸ್ ಅಂದರೆ ಅಡುಗೆಯವನು. ಪಾವೊ ಅಂದರೆ ನವಿಲು. ಕೊಕ್ವಿತ್ ಅಂದರೆ ಬೇಯಿಸುವುದು. ಈಗ ಇದನ್ನು ಓದಿ: ಕೊಕ್ವುಮ್ ಪಾವೊ ಕೊಕ್ವಿತ್.

ಹಾ, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರಿಗೆ ಗೊತ್ತಾಯಿತು.